ನ್ಯೂಜೆರ್ಸಿಯಿಂದ ನರ್ಸಮ್ಮನ ಪತ್ರ – 17: ಸೀನಿದರೆ ಆಗೋ ಆ ತೊಂದರೆಗೂ ಒಂದು ಚರಿತ್ರೆ ಇದೆ

ಹೋದ ಪತ್ರದಲ್ಲಿ ನಮ್ಮ ಬಾಣಂತಿ ವಾರ್ಡಿನ ಒಂದು ದಿನ ಹೇಗಿರುತ್ತೆ ಅಂತ ಬರೆದಿದ್ದೆ. ಅದರಲ್ಲಿ, ಮನೆಗೆ ಹೋಗುವಾಗ ಕೆಲವು ತಾಯಂದಿರಿಗೆ "ಪೆಲ್ವಿಕ್ ಫ್ಲೋರ್ ಪಿಟಿ ಹತ್ತಿರ ಹೋಗಿ" ಅಂತ ಡಾಕ್ಟರು ಬರೆದುಕೊಡ್ತಾರೆ ಅಂತ ಒಂದು ಸಾಲು ಇತ್ತು. ಪತ್ರದ ಕೆಳಗೆ ಎಲ್ಲರೂ ಮಗುವಿನ ಟೋಪಿ ಬಗ್ಗೆ, ಇಲ್ಲಿನ ಚಳಿ ಬಗ್ಗೆ ಕೇಳಿದಿರಿ. ಆದರೆ ಇನ್‌ಬಾಕ್ಸಿಗೆ ಬಂದ ಪ್ರಶ್ನೆಗಳೆಲ್ಲ ಆ ಒಂದು ಸಾಲಿನ ಬಗ್ಗೆ. ಎಲ್ಲವೂ ಹೆಂಗಸರಿಂದ, ಮತ್ತೆ ಎಲ್ಲದರ ಕೊನೆಯಲ್ಲೂ "ಯಾರಿಗೂ ಹೇಳಬೇಡ" ಅಂತ.

ಯಾರ ಹೆಸರನ್ನೂ ಹೇಳಲ್ಲ. ಆದರೆ ಉತ್ತರ ಮಾತ್ರ ಎಲ್ಲರ ಮುಂದೆಯೇ ಬರೀತೀನಿ, ಯಾಕಂದ್ರೆ ಪ್ರಶ್ನೆ ಒಬ್ಬಿಬ್ಬರದಲ್ಲ. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಎರಡು ಹನಿ ಮೂತ್ರ ಬರೋದು. ಬಿಂದಿಗೆ ಎತ್ತಿದರೆ ಕೆಳಗೆ ಏನೋ ಜಾರಿದ ಹಾಗೆ ಅನ್ನಿಸೋದು. ಮದುವೆ ಮನೆಗೆ ಹೋದರೆ ಮೊದಲು ಬಾತ್‌ರೂಮ್ ಎಲ್ಲಿದೆ ಅಂತ ನೋಡಿಟ್ಟುಕೊಳ್ಳೋದು. ನಮ್ಮ ಕಡೆ ಇದಕ್ಕೆ ಕಾಯಿಲೆ ಅನ್ನೋ ಹೆಸರೂ ಇಲ್ಲ. "ಮಕ್ಕಳು ಹೆತ್ತಮೇಲೆ ಇದೆಲ್ಲ ಇದ್ದದ್ದೇ" ಅಂತ ಸೆರಗು ಸರಿಮಾಡಿಕೊಂಡು ಸುಮ್ಮನಾಗ್ತೀವಿ. ಇದು ತುಂಬಾ ಜನರಿಗೆ ಇರೋದು ನಿಜ. ಆದರೆ ತುಂಬಾ ಜನರಿಗೆ ಇದೆ ಅಂದ ಮಾತ್ರಕ್ಕೆ ಸಹಿಸಿಕೊಂಡೇ ಇರಬೇಕು ಅಂತೇನೂ ಇಲ್ಲ. ಈ ವ್ಯತ್ಯಾಸ ಲೋಕಕ್ಕೆ ಅರ್ಥ ಆಗೋಕೆ ನೂರು ವರ್ಷಕ್ಕಿಂತ ಹೆಚ್ಚು ಹಿಡೀತು. ಆ ಕಥೆಯ ಎರಡು ಮುಖ್ಯ ಜಾಗಗಳು ನಾನಿರೋ ಊರಿನಿಂದ ರೈಲಿನಲ್ಲಿ ಹೋದರೆ ಸಿಗುವ ನ್ಯೂಯಾರ್ಕಿನಲ್ಲೇ ಇವೆ. (ಅಣ್ಣಂದಿರು, ಬಾವಂದಿರು ಇಲ್ಲಿಗೇ ಬಿಟ್ಟು ಎದ್ದು ಹೋಗಬೇಡಿ. ಕೊನೆಯಲ್ಲಿ ನಿಮಗೂ ಒಂದು ಮಾತಿದೆ.)

ಮೊದಲು ಆ ಸ್ನಾಯು ಯಾವುದು ಅಂತ ತಿಳ್ಕೊಳ್ಳೋಣ. ಮಗುವಿಗೆ ಸೀರೆಯಲ್ಲಿ ಜೋಲಿ ಕಟ್ತೀವಲ್ಲ, ಹಾಗೇ ಮುಂದಿನ ಮೂಳೆಯಿಂದ ಹಿಂದೆ ಬೆನ್ನಿನ ತುದಿಮೂಳೆವರೆಗೆ ನಮ್ಮೊಳಗೆ ಒಂದು ಜೋಲಿ ಕಟ್ಟಿದೆ. ಮೂತ್ರಕೋಶ, ಗರ್ಭಕೋಶ, ಮಲದ ಕರುಳಿನ ಕೊನೆ, ಮೂರೂ ಅದರ ಮೇಲೆ ಕೂತಿವೆ. ಕೆಮ್ಮಿದಾಗ ಮೇಲಿಂದ ಒತ್ತಡ ಬೀಳುತ್ತೆ, ಆಗ ಜೋಲಿ ತಾನಾಗಿಯೇ ಬಿಗಿಯಾಗಿ ಮೂತ್ರದ ದಾರಿ ಮುಚ್ಚಬೇಕು. ಹೆರಿಗೆಯಲ್ಲಿ ಇದೇ ಜೋಲಿ ಮಗುವಿನ ತಲೆಗೆ ದಾರಿ ಬಿಡೋಕೆ ಎಷ್ಟೋ ಪಟ್ಟು ಹಿಗ್ಗುತ್ತೆ, ಕೆಲವೊಮ್ಮೆ ಹರಿಯುತ್ತೆ. ಕಾಲು ಮುರಿದರೆ ಕಟ್ಟು ಬಿಚ್ಚಿದ ಮೇಲೆ ವ್ಯಾಯಾಮ ಮಾಡಿಸ್ತಾರೆ. ಈ ಸ್ನಾಯುವಿಗೂ ಅದೇ ನ್ಯಾಯ. ಆದರೆ ಕಾಲು ಕಣ್ಣಿಗೆ ಕಾಣುತ್ತೆ, ಇದು ಕಾಣಲ್ಲ. ಇಡೀ ಚರಿತ್ರೆ ನಿಂತಿರೋದು ಈ "ಕಾಣಲ್ಲ" ಅನ್ನೋದರ ಮೇಲೆ.

ಕಥೆಯ ಶುರು ಸಂತೋಷದ್ದಲ್ಲ. 1855ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ ಹೆಂಗಸರಿಗೆಂದೇ ಒಂದು ಆಸ್ಪತ್ರೆ ತೆರೆಯಿತು, ವುಮನ್ಸ್ ಹಾಸ್ಪಿಟಲ್ ಅಂತ. ಅದರ ಹಿಂದಿದ್ದ ಡಾಕ್ಟರು ಜೆ. ಮೇರಿಯನ್ ಸಿಮ್ಸ್. ಹೆರಿಗೆ ದಿನಗಟ್ಟಲೆ ನಿಂತುಹೋದಾಗ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದು, ಆಮೇಲೆ ಹಗಲೂ ರಾತ್ರಿ ಮೂತ್ರ ಸೋರುತ್ತಲೇ ಇರುತ್ತೆ. ಇದಕ್ಕೆ ಫಿಸ್ಟುಲಾ ಅಂತಾರೆ. ಅದನ್ನ ಹೊಲಿದು ಮುಚ್ಚುವ ವಿಧಾನದಿಂದ ಸಿಮ್ಸ್ ಹೆಸರು ಮಾಡಿದರು. ಆ ವಿಧಾನ ಕಲಿತದ್ದು ಎಲ್ಲಿ? 1845ರಿಂದ 1849ರವರೆಗೆ ದಕ್ಷಿಣದ ಅಲಬಾಮಾ ರಾಜ್ಯದ ಮಾಂಟ್ಗೊಮೆರಿಯಲ್ಲಿ, ಗುಲಾಮರಾಗಿದ್ದ ಕಪ್ಪು ಹೆಂಗಸರ ಮೈಮೇಲೆ, ಅರಿವಳಿಕೆ ಕೊಡದೆ. ಅವರಲ್ಲಿ ಮೂವರ ಹೆಸರು ಉಳಿದಿದೆ: ಅನಾರ್ಕಾ, ಬೆಟ್ಸಿ, ಲೂಸಿ. ಅನಾರ್ಕಾ ಒಬ್ಬಳ ಮೇಲೇ ಸುಮಾರು 30 ಸಲ ಆಪರೇಷನ್ ಆಯಿತು. ಬೇಡ ಅನ್ನುವ ಹಕ್ಕು ಅವಳಿಗಿರಲಿಲ್ಲ.

ನರ್ಸಾಗಿ ನನ್ನನ್ನ ತುಂಬಾ ಕಾಡಿದ ಸಂಗತಿ ಇನ್ನೊಂದಿದೆ. ಸಿಮ್ಸ್‌ಗೆ ಸಹಾಯಕ್ಕಿದ್ದ ಬಿಳಿಯ ಡಾಕ್ಟರುಗಳು ಬೇಸತ್ತು ಬಿಟ್ಟುಹೋದ ಮೇಲೆ, ಆ ರೋಗಿಗಳೇ ಒಬ್ಬರಿಗೊಬ್ಬರು ಸಹಾಯಕರಾದರು. ಇವತ್ತು ಮೇಜಿನ ಮೇಲೆ ಮಲಗಿದವಳು ನಾಳೆ ಇನ್ನೊಬ್ಬಳನ್ನ ಹಿಡಿದುಕೊಂಡಳು, ಆರೈಕೆ ಮಾಡಿದಳು. ಅಂದ್ರೆ ಈ ವಿಷಯದಲ್ಲಿ ನುರಿತ ಮೊದಮೊದಲ ನರ್ಸುಗಳಲ್ಲಿ ಅವರೂ ಇದ್ದರು. ಸಿಮ್ಸ್ ಪ್ರತಿಮೆಯನ್ನ ನ್ಯೂಯಾರ್ಕಿನಲ್ಲಿ 1894ರಲ್ಲಿ ನಿಲ್ಲಿಸಿದರು, ಆಮೇಲೆ ಸೆಂಟ್ರಲ್ ಪಾರ್ಕಿನ ಅಂಚಿಗೆ, 103ನೇ ರಸ್ತೆ ಎದುರಿಗೆ ತಂದಿಟ್ಟರು. ಜನ ತುಂಬಾ ವರ್ಷ ಪ್ರತಿಭಟಿಸಿದ ಮೇಲೆ 2018ರ ಏಪ್ರಿಲ್ 17ರಂದು ನಗರಸಭೆಯವರೇ ತೆಗೆದರು. 2021ರಲ್ಲಿ ಮಾಂಟ್ಗೊಮೆರಿಯಲ್ಲಿ ಆ ಮೂವರು ಹೆಂಗಸರ ಪ್ರತಿಮೆಗಳು ಎದ್ದುನಿಂತವು.

ಸಿಮ್ಸ್ ಕಾಲದಿಂದ ಹೆಂಗಸರ ಈ ತೊಂದರೆಗಳು ಸರ್ಜನ್ನುಗಳ ವಿಷಯ ಆದವು. ತೂತಾದರೆ ಹೊಲಿಯೋದು, ಜಾರಿದರೆ ಎತ್ತಿ ಕಟ್ಟೋದು ಇಲ್ಲವೇ ತೆಗೆದುಹಾಕೋದು. ಕೆಲವಕ್ಕೆ ಆಪರೇಷನ್ನೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಫಿಸ್ಟುಲಾ ವ್ಯಾಯಾಮದಿಂದ ಮುಚ್ಚಲ್ಲ. ಆದರೆ ಬರೀ ಬಲ ಕಳೆದುಕೊಂಡ ಸ್ನಾಯುವಿಗೆ ಬಲ ಬರಿಸೋದು ಯಾರ ಕೆಲಸ? ಆ ಕೆಲಸದವರು ಆಗಿನ್ನೂ ಹುಟ್ಟಿರಲಿಲ್ಲ.

ಅವರು ಹುಟ್ಟಿದ್ದು ಯುದ್ಧದಿಂದ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಮಾಲೀಶು, ವ್ಯಾಯಾಮ ಮಾಡಿಸಿ ಮತ್ತೆ ನಡೆಸೋಕೆ ಅಮೆರಿಕದ ಸೈನ್ಯ ಹೆಂಗಸರನ್ನ ತರಬೇತು ಮಾಡಿತು. ಅವರಿಗೆ ರಿಕನ್‌ಸ್ಟ್ರಕ್ಷನ್ ಏಡ್ ಅಂತ ಹೆಸರು. ಯುದ್ಧ ಮುಗಿದ ಮೇಲೆ, 1921ರ ಜನವರಿ 15ರಂದು, ಅವರಲ್ಲಿ ಕೆಲವರು ಮ್ಯಾನ್‌ಹಟನ್ನಿನ 36ನೇ ರಸ್ತೆಯ ಕೀನ್ಸ್ ಅನ್ನೋ ಹೋಟೆಲಿನಲ್ಲಿ ಸೇರಿ ಒಂದು ಸಂಘ ಕಟ್ಟಿದರು. ಮೇರಿ ಮೆಕ್‌ಮಿಲನ್ ಮೊದಲ ಅಧ್ಯಕ್ಷೆ. ಇವತ್ತಿನ ಅಮೆರಿಕನ್ ಫಿಸಿಕಲ್ ಥೆರಪಿ ಸಂಘದ ಬೇರು ಅದು. ಕೀನ್ಸ್ ಈಗಲೂ ಇದೆ. ಒಂದು ಕಾಲಕ್ಕೆ ಗಂಡಸರಿಗೆ ಮಾತ್ರ ಪ್ರವೇಶ ಇದ್ದ ಜಾಗ ಅದು. ನಟಿ ಲಿಲಿ ಲ್ಯಾಂಗ್‌ಟ್ರಿ ಕೋರ್ಟಿಗೆ ಹೋಗಿ ಗೆದ್ದ ಮೇಲೆ, 1905ರಲ್ಲಿ, ಹೆಂಗಸರಿಗೂ ಬಾಗಿಲು ತೆರೆಯಿತು ಅಂತ ಹೋಟೆಲಿನವರೇ ಹೇಳಿಕೊಳ್ತಾರೆ. ಹದಿನಾರು ವರ್ಷದ ಮೇಲೆ ಅದೇ ಬಾಗಿಲಿನಿಂದ ಒಳಗೆ ಹೋದ ಹೆಂಗಸರು ಒಂದು ವೃತ್ತಿಯನ್ನೇ ಕಟ್ಟಿ ಹೊರಗೆ ಬಂದರು.

ಆದರೆ ನೋಡಿ, ಸಂಘ ಹೆಂಗಸರದ್ದು, ರೋಗಿಗಳು ಸೈನಿಕರು. ಅವರ ಕೈ ಪಳಗಿದ್ದು ಗಂಡಸರ ಕಾಲು, ತೋಳು, ಬೆನ್ನಿನ ಮೇಲೆ, ಆಮೇಲೆ ಪೋಲಿಯೋ ಬಂದ ಮಕ್ಕಳ ಮೇಲೆ. ತಮ್ಮದೇ ಮೈಯ ಈ ಸ್ನಾಯು ಅಮೆರಿಕದಲ್ಲಿ ಇನ್ನೂ ಎಷ್ಟೋ ವರ್ಷ ಕಾಯಬೇಕಾಯಿತು.

ಅಷ್ಟರಲ್ಲಿ ಲಂಡನ್ನಿನಲ್ಲಿ ಬೇರೆ ದಾರಿ ಶುರುವಾಗಿತ್ತು. ಅಲ್ಲಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಿನಿ ರ‍್ಯಾಂಡೆಲ್ ಅಂತ ಒಬ್ಬರು ಸಿಸ್ಟರ್ ಇದ್ದರು. ನರ್ಸ್ ತರಬೇತಿ, ಸೂಲಗಿತ್ತಿ ತರಬೇತಿ, ಮಾಲೀಶು ವ್ಯಾಯಾಮದ ತರಬೇತಿ ಮೂರೂ ಆಗಿದ್ದವರು. 1912ರಲ್ಲಿ ಅಲ್ಲಿನ ಹೆರಿಗೆ ಡಾಕ್ಟರು ಇವರನ್ನ ಕೇಳಿ, ಬಾಣಂತಿಯರಿಗೆ ಹಾಸಿಗೆಯಲ್ಲೇ ಮಾಡುವ ವ್ಯಾಯಾಮಗಳನ್ನ ಸಿದ್ಧ ಮಾಡಿಸಿದರು. ಮುಂದೆ ಮಾರ್ಗರೆಟ್ ಮಾರಿಸ್ ಅನ್ನೋ ನೃತ್ಯಗಾತಿ ಬಂದು, ಫಿಸಿಯೋಥೆರಪಿ ಕಲಿತು, ರ‍್ಯಾಂಡೆಲ್ ಜೊತೆ ಸೇರಿ 1936ರಲ್ಲಿ ಬಾಣಂತಿ ವ್ಯಾಯಾಮದ ಪುಸ್ತಕವನ್ನೇ ತಂದರು. ಪೆಲ್ವಿಕ್ ಫ್ಲೋರ್ ಬಿಗಿ ಮಾಡಿ ಬಿಡೋದನ್ನ ಕಲಿಸಿದ್ದರಲ್ಲಿ ಅವರ ಪಾಲು ದೊಡ್ಡದು.

ಇಷ್ಟೆಲ್ಲ ಹೆಂಗಸರು ಮಾಡಿದ ಮೇಲೂ ವ್ಯಾಯಾಮಕ್ಕೆ ಹೆಸರು ಬಂದದ್ದು ಒಬ್ಬ ಗಂಡಸಿನದು. ನೀವು ಯೂಟ್ಯೂಬಿನಲ್ಲಿ "ಕೀಗಲ್ ಎಕ್ಸರ್‌ಸೈಜ್" ಅಂತ ನೋಡಿರ್ತೀರಿ. ಆರ್ನಲ್ಡ್ ಕೀಗಲ್ ಲಾಸ್ ಏಂಜಲೀಸಿನ ಸ್ತ್ರೀರೋಗ ತಜ್ಞರು. 1948ರಲ್ಲಿ ಈ ಬಗ್ಗೆ ಅವರ ಪ್ರಸಿದ್ಧ ಲೇಖನ ಬಂತು. ಆ ಗಂಡಸಿಗೆ ಸಲ್ಲಬೇಕಾದ್ದು ಖಂಡಿತ ಸಲ್ಲಲಿ, ಯಾಕಂದ್ರೆ ಎಲ್ಲರೂ ಮರೆತ ಒಂದು ಮಾತನ್ನ ಅವರೇ ಸ್ಪಷ್ಟವಾಗಿ ಹೇಳಿದ್ದರು. ಎಷ್ಟೋ ಹೆಂಗಸರಿಗೆ ಈ ಸ್ನಾಯು ಎಲ್ಲಿದೆ ಅಂತಲೇ ಗೊತ್ತಾಗಲ್ಲ, ಬರೀ ಬಾಯಲ್ಲಿ "ಬಿಗಿ ಹಿಡಿಯಿರಿ" ಅಂದರೆ ಹೊಟ್ಟೆಯನ್ನೋ ತೊಡೆಯನ್ನೋ ಬಿಗಿ ಹಿಡೀತಾರೆ ಅಂತ. ಅದಕ್ಕೇ ಅವರು ಮೊದಲು ಬೆರಳಿಟ್ಟು ಪರೀಕ್ಷೆ ಮಾಡಿ ಸ್ನಾಯು ಗುರುತು ಹಿಡಿಸ್ತಾ ಇದ್ದರು. ಆಮೇಲೆ ಪೆರಿನಿಯೋಮೀಟರ್ ಅನ್ನೋ ಉಪಕರಣ ಕೊಡ್ತಾ ಇದ್ದರು. ಅದರ ಒಂದು ತುದಿ ಗಾಳಿ ತುಂಬಿದ ರಬ್ಬರು, ಇನ್ನೊಂದು ತುದಿ ಬಿಪಿ ಮಿಷನ್ನಿನ ಹಾಗೆ ಒತ್ತಡ ತೋರಿಸುವ ಮುಳ್ಳು. ಸರಿಯಾದ ಸ್ನಾಯು ಬಿಗಿಯಾದರೆ ಮುಳ್ಳು ಏರುತ್ತೆ. ಕಾಣದ ಸ್ನಾಯು ಕಣ್ಣಿಗೆ ಕಂಡಿತು! ದಿನಕ್ಕೆ ಮೂರು ಸಲ, ಸಲಕ್ಕೆ 20 ನಿಮಿಷ ಅಭ್ಯಾಸ, ನಡುನಡುವೆ ಡಾಕ್ಟರ ಹತ್ತಿರ ಪರೀಕ್ಷೆ.

ಆಮೇಲೆ ಆದದ್ದೇನು? ವರ್ಷ ಕಳೆದಂತೆ ಬೆರಳು ಪರೀಕ್ಷೆ ಬಿಟ್ಟುಹೋಯಿತು, ಮುಳ್ಳಿನ ಮೀಟರೂ ಬಿಟ್ಟುಹೋಯಿತು. ಉಳಿದದ್ದು ಕೀಗಲ್ ಅನ್ನೋ ಹೆಸರು ಮತ್ತು ಒಂದು ಹಾಳೆ. "ಮನೆಯಲ್ಲಿ ಕೀಗಲ್ ಮಾಡಿ." ಮಾಡಿದವರಿಗೆ ಗುಣ ಕಾಣದಿದ್ದರೆ, ವ್ಯಾಯಾಮದಿಂದ ಏನೂ ಆಗಲ್ಲ, ಆಪರೇಷನ್ನೇ ಗತಿ ಅಂತ ತೀರ್ಮಾನ.

1991ರಲ್ಲಿ ರಿಚರ್ಡ್ ಬಂಪ್ ಮತ್ತು ಅವರ ಜೊತೆಯವರು ಇದನ್ನೇ ಪರೀಕ್ಷೆಗಿಟ್ಟರು. 47 ಹೆಂಗಸರಿಗೆ ಬಾಯಲ್ಲಿ ಚುಟುಕಾಗಿ ಹೇಳಿಕೊಟ್ಟು, ಸರಿಯಾಗಿ ಮಾಡ್ತಾರಾ ಅಂತ ಅಳೆದು ನೋಡಿದರು. ಸರಿಯಾಗಿ ಮಾಡಿದವರು 23 ಜನ, ಅಂದ್ರೆ ಅರ್ಧಕ್ಕಿಂತ ಒಂದು ಕೂದಲು ಕಡಿಮೆ. 12 ಜನ ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಮುಕ್ಕುತ್ತಾ ಇದ್ದರು, ಅಂದ್ರೆ ತೊಂದರೆ ಹೆಚ್ಚಾಗುವ ರೀತಿ. ಕಾಲು ಭಾಗ ಜನ! ವ್ಯಾಯಾಮ ತಪ್ಪಲ್ಲ, ಹೆಂಗಸರ ಸೋಮಾರಿತನವೂ ಅಲ್ಲ. ಕಲಿಸಿ, ಕೈಯಿಟ್ಟು ನೋಡಿ, ತಿದ್ದುವ ಒಬ್ಬರು ಇರಲಿಲ್ಲ, ಅಷ್ಟೇ.

ಈ ಚರಿತ್ರೆಯಿಂದ ನಾನು ತಿಳಿದುಕೊಂಡದ್ದು ಇದನ್ನೇ. ಗುಣ ಮಾಡೋದು ವ್ಯಾಯಾಮ ಒಂದೇ ಅಲ್ಲ, ಅದನ್ನ ಕಲಿಸುವ ಮನುಷ್ಯರು. ಅವರನ್ನ ಬಿಟ್ಟು ಹಾಳೆ ಮಾತ್ರ ಕೊಟ್ಟಾಗಲೆಲ್ಲ ಕೆಲಸ ಕೆಟ್ಟಿದೆ.

ಅಮೆರಿಕದಲ್ಲಿ ಆ ಮನುಷ್ಯರಿಗೆ ಒಂದು ಜಾಗ ಸಿಕ್ಕಿದ್ದು 1977ರಲ್ಲಿ. ಆಸ್ಟ್ರೇಲಿಯಾದಿಂದ ಬಂದಿದ್ದ ಎಲಿಜಬೆತ್ ನೋಬಲ್ ಅನ್ನೋ ಫಿಸಿಕಲ್ ಥೆರಪಿಸ್ಟ್, ಅದಕ್ಕೆ ಹಿಂದಿನ ವರ್ಷವಷ್ಟೇ ಬಸುರಿ ಬಾಣಂತಿಯರ ವ್ಯಾಯಾಮದ ಪುಸ್ತಕ ಬರೆದಿದ್ದರು. ಅವರು ಮುಂದೆ ನಿಂತು ರಾಷ್ಟ್ರೀಯ ಸಂಘದೊಳಗೆ ಹೆರಿಗೆ ಮತ್ತು ಸ್ತ್ರೀರೋಗದ ವಿಭಾಗ ಕಟ್ಟಿದರು. ಕೀನ್ಸ್ ಹೋಟೆಲಿನ ಆ ದಿನದಿಂದ ಲೆಕ್ಕ ಹಾಕಿದರೆ 56 ವರ್ಷ. ಆ ವಿಭಾಗ ಈಗ ಪೆಲ್ವಿಕ್ ಹೆಲ್ತ್ ಅಂತ ಹೆಸರು ಬದಲಿಸಿಕೊಂಡಿದೆ, ಯಾಕಂದ್ರೆ ಈಗ ಗಂಡಸರು, ಮಕ್ಕಳೂ ಇವರ ಹತ್ತಿರ ಬರ್ತಾರೆ. ಮ್ಯಾನ್‌ಹಟನ್ನಿನಲ್ಲಿ ಇದಕ್ಕೆಂದೇ ಕ್ಲಿನಿಕ್ಕುಗಳಿವೆ. ಅಲ್ಲಿನ ಥೆರಪಿಸ್ಟ್ ಏಮಿ ಸ್ಟೈನ್ 2008ರಲ್ಲಿ ಪೆಲ್ವಿಕ್ ನೋವಿನ ಬಗ್ಗೆ ಬರೆದ ಪುಸ್ತಕವನ್ನ ಸಾಮಾನ್ಯ ಜನರೂ ಓದಿದರು. ನ್ಯೂಜೆರ್ಸಿಯಲ್ಲಿ 2003ರಿಂದ, ನ್ಯೂಯಾರ್ಕಿನಲ್ಲಿ 2006ರಿಂದ ಡಾಕ್ಟರ ಚೀಟಿ ಇಲ್ಲದೆಯೂ ಫಿಸಿಕಲ್ ಥೆರಪಿಸ್ಟ್ ಹತ್ತಿರ ಹೋಗಬಹುದು. ನ್ಯೂಯಾರ್ಕಿನಲ್ಲಿ ಅದಕ್ಕೆ 10 ಭೇಟಿ ಅಥವಾ 30 ದಿನದ ಮಿತಿ ಇದೆ.

ಇಲ್ಲಿ ಎಲ್ಲಾ ಸರಿಯಾಗಿದೆ ಅಂದ್ಕೋಬೇಡಿ. ಫ್ರಾನ್ಸಿನಲ್ಲಿ 1980ರ ದಶಕದಿಂದ ಬಾಣಂತಿಯರ ಈ ಚಿಕಿತ್ಸೆಗೆ ಸರ್ಕಾರಿ ವಿಮೆಯೇ ಹಣ ಕೊಡುತ್ತೆ. ಇಲ್ಲಿ ಹಾಗಿಲ್ಲ. ಹೆಸರು ಮಾಡಿದ ಎಷ್ಟೋ ಕ್ಲಿನಿಕ್ಕುಗಳು ಇನ್ಶೂರೆನ್ಸ್ ತೆಗೆದುಕೊಳ್ಳೋದೇ ಇಲ್ಲ. ಹೆರಿಗೆಯಾದ ಮೇಲೆ ಆರು ವಾರಕ್ಕೆ ಒಂದೇ ಸಲ ಡಾಕ್ಟರನ್ನ ನೋಡೋದು ಇಲ್ಲಿನ ಹಳೆಯ ಪದ್ಧತಿ. ಅದು ಸಾಲದು, ಮೂರು ವಾರದೊಳಗೆ ಒಮ್ಮೆ ವಿಚಾರಿಸಿ, 12 ವಾರದೊಳಗೆ ಪೂರ್ತಿ ತಪಾಸಣೆ ಮಾಡಿ ಅಂತ ಇಲ್ಲಿನ ಹೆರಿಗೆ ಡಾಕ್ಟರುಗಳ ಕಾಲೇಜು ಹೇಳಿದ್ದು 2018ರಲ್ಲಿ, ಮೊನ್ನೆ ಮೊನ್ನೆ.

ಇನ್‌ಬಾಕ್ಸಿನಲ್ಲಿ ಎಲ್ಲರೂ ಕೇಳಿದ್ದು: "ಅವರು ಏನು ಮಾಡ್ತಾರೆ? ನಾಚಿಕೆ ಆಗಲ್ವಾ?" ಹೇಳ್ತೀನಿ. ಮೊದಲ ದಿನ ಹೆಚ್ಚು ಹೊತ್ತು ಮಾತೇ. ಎಷ್ಟು ಹೆರಿಗೆ, ಹೊಲಿಗೆ ಬಿದ್ದಿತ್ತಾ, ಯಾವಾಗ ಸೋರುತ್ತೆ, ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗ್ತೀರಿ, ಮಲಬದ್ಧತೆ ಇದೆಯಾ. ಉಸಿರಾಟ, ನಿಲ್ಲುವ ರೀತಿ, ಬೆನ್ನು, ಹೊಟ್ಟೆ ನೋಡ್ತಾರೆ. ಒಳಗಿನ ಪರೀಕ್ಷೆ ಬೇಕಾದರೆ ಮೊದಲು ವಿವರಿಸಿ, ನಿಮ್ಮ ಒಪ್ಪಿಗೆ ಕೇಳ್ತಾರೆ. ಬಾಗಿಲು ಮುಚ್ಚಿದ ಕೋಣೆ, ಮೇಲೆ ಬಟ್ಟೆ ಹೊದಿಸಿ, ಗ್ಲೌಸ್ ಹಾಕಿದ ಬೆರಳಿಂದ. ಬೇಡ ಅಂದರೆ ಅಲ್ಲಿಗೆ ನಿಲ್ಲಿಸ್ತಾರೆ. ಅನಾರ್ಕಾ ಕಥೆ ಓದಿದ ಮೇಲೆ, "ಬೇಡ ಅಂದರೆ ನಿಲ್ಲಿಸ್ತೀವಿ" ಅನ್ನೋ ಮಾತು ಕಿವಿಗೆ ಬಿದ್ದಾಗಲೆಲ್ಲ ಅದರ ತೂಕ ನನಗೆ ಗೊತ್ತಾಗುತ್ತೆ. ಸ್ನಾಯುವಿನ ಬಲಕ್ಕೆ 0ಯಿಂದ 5ರವರೆಗೆ ಅಂಕ ಕೊಡ್ತಾರೆ. ಕೆಲವರಿಗೆ ಸ್ನಾಯು ಸಡಿಲ ಅಲ್ಲ, ವಿಪರೀತ ಬಿಗಿ. ಅವರು ಯೂಟ್ಯೂಬ್ ನೋಡಿ ಕೀಗಲ್ ಮಾಡಿದರೆ ನೋವು ಹೆಚ್ಚಾಗಬಹುದು, ಅವರಿಗೆ ಬಿಡೋದನ್ನ ಕಲಿಸಬೇಕು. ಸಡಿಲ ಇದ್ದವರಿಗೆ ಬಿಗಿ ಮಾಡೋದನ್ನ ಕಲಿಸ್ತಾರೆ. ಕಮ್ಮಿ ಅಂದ್ರೂ ಮೂರು ತಿಂಗಳು, ದಿನಕ್ಕೆ ಮೂರು ಸಲ, ಸಲಕ್ಕೆ ಎಂಟಾದರೂ ಬಿಗಿತ ಅನ್ನೋದು ಬ್ರಿಟನ್ನಿನ ಮಾರ್ಗಸೂಚಿ. ಒಂದು ವಾರಕ್ಕೆ ಪವಾಡ ಆಗಲ್ಲ.

ಈಗ ನಮ್ಮೂರ ಕಡೆ ಬರ್ತೀನಿ. ಕಲಿಸುವ, ಮುಟ್ಟಿ ನೋಡುವ ಹೆಂಗಸು ನಮ್ಮಲ್ಲೂ ಒಬ್ಬಳಿದ್ದಳಲ್ಲ, ಸೂಲಗಿತ್ತಿ. ಮಗು ಹುಟ್ಟಿಸಿ ಅವಳು ಮನೆಗೆ ಹೋಗಿಬಿಡ್ತಾ ಇರಲಿಲ್ಲ. ದಿನಾ ಬಂದು ಬಾಣಂತಿಗೂ ಕೂಸಿಗೂ ಎಣ್ಣೆ ನೀರು ಮಾಡ್ತಾ ಇದ್ದಳು, ನೋವು ಎಲ್ಲಿದೆ ಅಂತ ಕೇಳ್ತಾ ಇದ್ದಳು. ನಮ್ಮ ತುಮಕೂರು ಜಿಲ್ಲೆಯ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ಹೋಗಿಬಿಟ್ಟರು. ಹೆರಿಗೆ ಆಸ್ಪತ್ರೆಗೆ ಬಂದದ್ದರಿಂದ ಎಷ್ಟೋ ತಾಯಂದಿರ ಜೀವ ಉಳಿದಿದೆ, ಅದನ್ನ ನಾನು ಯಾವತ್ತೂ ಬಿಟ್ಟುಕೊಡಲ್ಲ. ಆದರೆ ಹೆರಿಗೆಯ ಜೊತೆ ಆಮೇಲಿನ ಆ ದಿನನಿತ್ಯದ ವಿಚಾರಣೆ ಆಸ್ಪತ್ರೆಗೆ ಬರಲಿಲ್ಲ. ಅದು ನಡುದಾರಿಯಲ್ಲಿ ಉಳಿದುಹೋಯಿತು.

ಅದು ಇಲ್ಲದ ಕಡೆ ಏನಾಗುತ್ತೆ? ಒಂದೋ ಮುಚ್ಚಿಟ್ಟುಕೊಳ್ಳೋದು, ಇಲ್ಲ "ಗರ್ಭಕೋಶ ತೆಗೆಸಿಬಿಡಿ" ಅನ್ನೋದು. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರಿಗೆ, ಎಷ್ಟೋ ಜನಕ್ಕೆ ಚಿಕ್ಕ ವಯಸ್ಸಿನಲ್ಲೇ, ಬೇಡದ ಗರ್ಭಕೋಶ ಆಪರೇಷನ್ ಆಗಿದೆ ಅನ್ನೋ ದೂರು 2015ರ ಹೊತ್ತಿಗೆ ದೊಡ್ಡ ಸುದ್ದಿಯಾಗಿತ್ತು, ನೆನಪಿರಬಹುದು. ಬೇರೆ ರಾಜ್ಯಗಳ ಇಂಥದ್ದೇ ದೂರಿನ ಕೇಸಿನಲ್ಲಿ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನ ಎಲ್ಲಾ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಬೇಕು ಅಂತ ಹೇಳಿತು. ಗರ್ಭಕೋಶ ತೆಗೆದರೂ ಜೋಲಿ ಸಡಿಲವಾಗಿಯೇ ಇರುತ್ತೆ ಅನ್ನೋದನ್ನ ಯಾರೂ ಆ ಹೆಂಗಸರಿಗೆ ಬಿಡಿಸಿ ಹೇಳಿರಲಿಕ್ಕಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು. ಡಾಕ್ಟರ ಹತ್ತಿರ ಹೋದಾಗ "ಮೈಯಲ್ಲಿ ಹುಷಾರಿಲ್ಲ" ಅನ್ನಬೇಡಿ, "ಕೆಮ್ಮಿದರೆ ಮೂತ್ರ ಬರುತ್ತೆ" ಅಂತ ನೇರವಾಗಿ ಹೇಳಿ. ಮೂತ್ರದಲ್ಲಿ ರಕ್ತ, ಜ್ವರ, ಉರಿ ಇದ್ದರೆ ಕಾಯಬೇಡಿ. ಆಪರೇಷನ್ ಅಂದರೆ "ಮೊದಲು ಫಿಸಿಯೋಥೆರಪಿ ಮಾಡಿ ನೋಡಬಹುದಾ?" ಅಂತ ಒಂದು ಪ್ರಶ್ನೆ ಕೇಳಿ, ಇನ್ನೊಬ್ಬರ ಅಭಿಪ್ರಾಯವನ್ನೂ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಈ ಕೆಲಸ ಕಲಿತ ಫಿಸಿಯೋಥೆರಪಿಸ್ಟುಗಳು ಈಗ ಸಿಗ್ತಾರೆ. ಮನೆಯಲ್ಲಿ ಬಾಣಂತಿ ಇದ್ದರೆ, ಹೊಟ್ಟೆಗೆ ಸೀರೆ ಬಿಗಿಯಾಗಿ ಸುತ್ತುವ ಮುಂಚೆ ಅವಳ ಡಾಕ್ಟರನ್ನ ಒಂದು ಮಾತು ಕೇಳಿ, ಮೇಲಿಂದ ಅತಿಯಾಗಿ ಬಿಗಿದರೆ ಒತ್ತಡವೆಲ್ಲ ಕೆಳಗಿನ ಜೋಲಿಗೇ ಬೀಳುತ್ತೆ.

ಅಣ್ಣಂದಿರಿಗೆ ಹೇಳ್ತೀನಿ ಅಂದಿದ್ದೆ. ಪ್ರಾಸ್ಟೇಟ್ ಆಪರೇಷನ್ ಆದ ಗಂಡಸರಿಗೂ ಮೂತ್ರ ಸೋರುತ್ತೆ, ಅವರಿಗೂ ಇದೇ ಸ್ನಾಯು, ಇದೇ ಚಿಕಿತ್ಸೆ. ನಿಮ್ಮ ಮನೆಯಲ್ಲಿ ಅಮ್ಮ ದೂರ ಪ್ರಯಾಣ ಬೇಡ ಅಂದರೆ, ಹೆಂಡತಿ ಬಸ್ಸಿನಲ್ಲಿ ನೀರು ಕುಡಿಯದೆ ಕೂತರೆ, ಹಟ ಅಂದ್ಕೋಬೇಡಿ. ಮೆಲ್ಲಗೆ ಕೇಳಿ ನೋಡಿ.

ಇನ್‌ಬಾಕ್ಸಿಗೆ ಬರೆದವರಿಗೆಲ್ಲ ಬೇರೆ ಬೇರೆಯಾಗಿ ಈ ಭಾನುವಾರ ಉತ್ತರ ಬರೀತೀನಿ, ನನ್ನ ನೈಟ್ ಡ್ಯೂಟಿ ಶನಿವಾರಕ್ಕೆ ಮುಗಿಯುತ್ತೆ. ಫೋನೇ ಮಾಡ್ತೀನಿ ಅನ್ನೋರು ನಿಮ್ಮ ಸಂಜೆ ಏಳರ ಮೇಲೆ ಮಾಡಿ. ಮುಂದಿನ ಪತ್ರದಲ್ಲಿ, ಇಲ್ಲಿನ ಬಾಣಂತಿಯರಿಗೆ ಹೆರಿಗೆಯಾದ ಗಂಟೆಯೊಳಗೆ ಐಸ್ ನೀರು ಕೊಡ್ತಾರೆ ಅಂದಿದ್ದಕ್ಕೆ ದೊಡ್ಡಮ್ಮ ಕೋಪ ಮಾಡಿಕೊಂಡಿದ್ದಾರಲ್ಲ, ಅದರ ವಿಚಾರ.